ಹನ್ನೊಂದನೇ ದಿನದ ಗುಳಿಗೆ

ಗುಳೆ ಬಂದವರಿಗೆ ಬಿಪಿ ತಪಾಸಣೆಯೇ ಆಗೋದಿಲ್ಲ ಅಂತಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಸೆಂಟ್ರಿಂಗ್‌ಗೆ ಬಂದವರ ಶೆಡ್ಡುಗಳ ಹತ್ತಿರ ಆಗಾಗ ಕ್ಯಾಂಪ್ ಹಾಕ್ತಾರೆ. ತೋಳಿಗೆ ಪಟ್ಟಿ ಸುತ್ತಿ, ‘ಬಿಪಿ ಜಾಸ್ತಿ ಇದೆ, ಉಪ್ಪು ಕಮ್ಮಿ ಮಾಡಿ’ ಅಂದು ಹತ್ತು ಗುಳಿಗೆಯ ಒಂದು ಸ್ಟ್ರಿಪ್ ಕೊಟ್ಟು ಕಳಿಸ್ತಾರೆ. ಹನ್ನೊಂದನೇ ದಿನ ಏನು ಮಾಡಬೇಕು ಅನ್ನೋದನ್ನ ಮಾತ್ರ ಹೇಳಿರೋದಿಲ್ಲ.

ಆ ದಿನ ಅವರು ಕೇಳೋದು ಒಂದೇ ಮಾತು: ‘ಆರಾಮ ಅದೀನ್ರಿ, ಮತ್ಯಾಕ ಗುಳಿಗಿ?’ ನ್ಯಾಯವಾದ ಪ್ರಶ್ನೆ. ಜ್ವರಕ್ಕೆ, ಮೈಕೈ ನೋವಿಗೆ ನುಂಗಿ ಗೊತ್ತು; ವಾಸಿಯಾದ ಮೇಲೆ ಬಿಟ್ಟೂ ಗೊತ್ತು. ಬಿಪಿ ಹಾಗಲ್ಲ. ಅದು ಏರಿದ್ದಾಗಲೂ ಬಹಳ ಜನಕ್ಕೆ ತಲೆನೋವೂ ಇರೋದಿಲ್ಲ, ಸುಸ್ತೂ ಇರೋದಿಲ್ಲ. ಹಾಗಾಗಿ ಆರಾಮ ಇದ್ದೀನೋ ಇಲ್ವೋ ಅನ್ನೋದು ಅದರ ಲೆಕ್ಕಕ್ಕೇ ಬರಲ್ಲ. ಗುಳಿಗೆ ಬಿಟ್ಟರೆ ಕೆಲ ದಿನಗಳಲ್ಲಿ ರಕ್ತದೊತ್ತಡ ಮತ್ತೆ ಏರುತ್ತೆ, ಒಳಗೊಳಗೇ ಮಿದುಳು, ಹೃದಯ, ಮೂತ್ರಪಿಂಡದ ನಾಳಗಳನ್ನ ಕೆಡಿಸುತ್ತೆ. ಸ್ಟ್ರಿಪ್ ಕೊಡೋ ಕೈ ಇಷ್ಟನ್ನ ಎರಡು ನಿಮಿಷ ಕೂತು ಹೇಳಬೇಕು. ಬಿಹಾರ, ಒಡಿಶಾದವರಿಗೆ ಕನ್ನಡದ ಕರಪತ್ರ ಕೊಟ್ಟು ಕೈತೊಳೆದುಕೊಳ್ಳೋದೂ ತಪ್ಪು.

ಅಳತೆಯಲ್ಲೇ ಎಡವಟ್ಟಾಗೋದೂ ಇದೆ. ಸಿಮೆಂಟ್ ಚೀಲ ಇಳಿಸಿ, ಚಹಾ ಕುಡಿದು, ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಬಂದವರಿಗೆ ನಿಂತಲ್ಲೇ ನೋಡಿದರೆ ಸಂಖ್ಯೆ ಸುಳ್ಳು ಹೇಳುತ್ತೆ. ದುಡಿಮೆ, ಚಹಾ, ತಂಬಾಕು ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿ ಅಂಗಿಯ ಮೇಲಲ್ಲ, ಬರಿ ತೋಳಿಗೆ. ತೋಳು ಎದೆಯ ಮಟ್ಟಕ್ಕೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣಿಸುತ್ತೆ. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಿಪಿ ಇದೆ ಅಂತ. 180/110 ದಾಟಿದ್ದರೆ ಮುಂದಿನ ಕ್ಯಾಂಪ್‌ಗೆ ಕಾಯದೆ ಅವತ್ತೇ ವೈದ್ಯರ ಹತ್ತಿರ ಹೋಗಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮೊದಲು ಕೊಡೋದು ಅಮ್ಲೋಡಿಪಿನ್ 5 ಮಿಲಿಗ್ರಾಂ, ದಿನಕ್ಕೊಂದು. ಇದರಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತೆ. ಇಡೀ ದಿನ ನಿಂತೇ ದುಡಿಯೋರಿಗೆ ಸಂಜೆ ಚಪ್ಪಲಿ ಬಿಗಿಯಾಗುತ್ತೆ, ‘ಕಿಡ್ನಿ ಹೋಯ್ತು’ ಅಂತ ಹೆದರಿ ಬಿಟ್ಟುಬಿಡ್ತಾರೆ. ಇದನ್ನ ಮೊದಲೇ ಹೇಳಿದ್ದರೆ ಬಿಡುವ ಬದಲು ಬಂದು ಕೇಳ್ತಾರೆ. ಗುಳಿಗೆ ಬದಲಿಸಿ ಕೊಡಬಹುದು. ನಿಜವಾಗಿ ಕಿಡ್ನಿಗೆ ಪೆಟ್ಟು ಕೊಡಬಲ್ಲದ್ದು ಸೊಂಟನೋವಿಗೆ ಅಂತ ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ತಂದು ದಿನಾ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್. ಬಿಪಿಯನ್ನೂ ಏರಿಸೋದು ಅವೇ.

ಉಪ್ಪಿನ ವಿಷಯಕ್ಕೆ ಬಂದರೆ, ‘ಕಮ್ಮಿ ಮಾಡಿ’ ಅನ್ನೋದು ಲೆಕ್ಕವೇ ಅಲ್ಲ. ದೊಡ್ಡವರೊಬ್ಬರಿಗೆ ದಿನಕ್ಕೆ ಹೆಚ್ಚೆಂದರೆ 5 ಗ್ರಾಂ, ಅಂದ್ರೆ ಒಂದು ಟೀ ಚಮಚ. ನಾಲ್ವರು ಸೇರಿ ಉಣ್ಣುವ ಶೆಡ್ಡಿನಲ್ಲಿ ಒಂದು ಕಿಲೋ ಪ್ಯಾಕೆಟ್ 50 ದಿನವಾದರೂ ಬರಬೇಕು. ಒಡೆದ ತಾರೀಖನ್ನ ಪ್ಯಾಕೆಟ್ ಮೇಲೆ ಬರೆದಿಡಿ. ತಿಂಗಳೊಳಗೆ ಖಾಲಿಯಾದರೆ ಗೊತ್ತಾಗುತ್ತಲ್ಲ. ರೊಟ್ಟಿ ಜೊತೆಗಿನ ಉಪ್ಪಿನಕಾಯಿ, ಸಂಜೆಯ ಮಿರ್ಚಿಯ ಉಪ್ಪೂ ಆ 5 ಗ್ರಾಂನೊಳಗೇ ಬರಬೇಕು.

ಇನ್ನು ಊರಿಗೆ ಹೋಗುವ ಹೊತ್ತು. ಯುಗಾದಿ, ಜಾತ್ರೆ, ಬಿತ್ತನೆ ಅಂತ ಹೋದರೆ ವಾರಗಟ್ಟಲೆ ಅಲ್ಲೇ. ಹೊರಡುವ ಮುಂಚೆ ಸ್ಟ್ರಿಪ್‌ನ ಎರಡೂ ಬದಿ, ಆಸ್ಪತ್ರೆ ಚೀಟಿ, ಕೊನೆಯ ಬಿಪಿ ಅಳತೆ, ಮೂರನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನ ತೋರಿಸಿದರೆ ಅದೇ ಔಷಧಿ ಮುಂದುವರಿಸೋದು ಸುಲಭ. ಅಲ್ಲಿ ಸಿಗೋದು ಬೇರೆ ಕಂಪನಿಯದ್ದು, ಬೇರೆ ಬಣ್ಣದ್ದು ಇರಬಹುದು. ‘ಇದು ಬ್ಯಾರೆ ಗುಳಿಗಿ’ ಅಂತ ಹಳೆಯದರ ಜೊತೆ ಅದನ್ನೂ ನುಂಗಿದರೆ ಡೋಸು ಎರಡು ಪಟ್ಟಾಗುತ್ತೆ, ಸಾರವೆ ಮೇಲೆ ನಿಂತವರಿಗೆ ತಲೆ ಸುತ್ತು ಬರಬಹುದು. ಕಂಪನಿ ಹೆಸರು ಬಿಡಿ, ಸ್ಟ್ರಿಪ್ ಮೇಲಿರೋ ಔಷಧಿಯ ಹೆಸರು (ಅಮ್ಲೋಡಿಪಿನ್ ಥರದ್ದು) ಓದಿಸಿಕೊಳ್ಳಿ.

ಆಸ್ಪತ್ರೆಯವರಲ್ಲೂ ಒಂದು ಬೇಡಿಕೆ. ನೀವು ಬಾಗಿಲು ತೆರೆದಿರೋ ಹೊತ್ತು ಇವರ ಕೂಲಿ ಹೊತ್ತು. ಒಂದು ಸ್ಟ್ರಿಪ್ಪಿಗೆ ಒಂದು ದಿನದ ಪಗಾರ ಹೋಗುತ್ತೆ. ಬಿಪಿ ಹಿಡಿತಕ್ಕೆ ಬಂದವರಿಗೆ ಎರಡು ತಿಂಗಳ ಗುಳಿಗೆ ಒಟ್ಟಿಗೇ ಕೊಡಿ.