ದೊಡ್ಡಗದ್ದವಳ್ಳಿಯ ಲಕ್ಷ್ಮೀ ಗುಡಿ ಶಾಂತಲೆಗಾಗಿ ಕಟ್ಟಿದ್ದಲ್ಲ

ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಚಿತ್ರದ ಜೊತೆ ಒಂದು ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ: 'ವಿಷ್ಣುವರ್ಧನನು ರಾಣಿ ಶಾಂತಲೆಗಾಗಿ ಕಟ್ಟಿಸಿದ್ದು, ಜಕಣಾಚಾರಿ ಕೆತ್ತಿದ್ದು.' ಎರಡೂ ಸರಿಯಲ್ಲ.

ಕಾಲವೇನೋ ವಿಷ್ಣುವರ್ಧನನದೇ. ಆದರೆ ಕ್ರಿ.ಶ. 1113ರ ಸುಮಾರಿಗೆ ಇದನ್ನು ಕಟ್ಟಿಸಿದವರು ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಶಾಸನ ಅವರ ಹೆಸರನ್ನೇ ಹೇಳುತ್ತದೆ. ಊರನ್ನು ಅದು ಕರೆಯುವುದು 'ಅಭಿನವ ಕೊಲ್ಲಾಪುರ' ಎಂದು. ಕೊಲ್ಲಾಪುರದ ಮಹಾಲಕ್ಷ್ಮಿಯ ನೆನಪು ಅಲ್ಲಿಯೇ ಇದೆ. ಜಕಣಾಚಾರಿಯ ಹೆಸರು ದಂತಕಥೆಯಿಂದ ಬಂದದ್ದು. ಹೊಯ್ಸಳರ ಯಾವ ಗುಡಿ ಕಂಡರೂ ಅವನ ಹೆಸರು ಅಂಟಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ಬೇಲೂರಿನ ಚೆನ್ನಕೇಶವ ಗುಡಿಯ ಪ್ರತಿಷ್ಠೆ 1117ರಲ್ಲಿ. ಅಂದರೆ ಇದು ಅದಕ್ಕಿಂತ ಹಳೆಯದು. ಗುಡಿಯನ್ನು ಹೊತ್ತ ನಕ್ಷತ್ರಾಕಾರದ ಎತ್ತರದ ಕಟ್ಟೆಯನ್ನಾಗಲಿ (ಜಗತಿ), ಗೋಡೆ ತುಂಬ ಶಿಲ್ಪಗಳನ್ನಾಗಲಿ ಹುಡುಕಿಕೊಂಡು ಹೋದರೆ ನಿರಾಸೆಯಾದೀತು. ಇದು ನಾಲ್ಕು ಗರ್ಭಗುಡಿಗಳ ಚತುಷ್ಕೂಟ. ಲಕ್ಷ್ಮಿಯೊಬ್ಬಳೇ ಅಲ್ಲ, ಶಿವನಿಗೂ ಕಾಳಿಗೂ ಇಲ್ಲಿ ಗುಡಿಯಿದೆ. ಕಾಳಿಯ ಬಾಗಿಲ ಇಕ್ಕೆಲದಲ್ಲಿ ಎಲುಬುಗೂಡಿನಂಥ ಎರಡು ಬೇತಾಳಗಳು ನಿಂತಿವೆ. ಮಕ್ಕಳನ್ನು ಕರೆದೊಯ್ಯುವವರು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಳಿಯ ವಿಗ್ರಹ 2020ರ ನವೆಂಬರಿನಲ್ಲಿ ಭಗ್ನಗೊಂಡದ್ದು ಮಾತ್ರ ನಿಜವಾದ ಸುದ್ದಿ.

ಬೇಲೂರಿಗೆ ಹೊರಟವರು ಹಾಸನದ ದಾರಿಯಲ್ಲಿ ಸ್ವಲ್ಪ ಒಳಗೆ ತಿರುಗಿದರೆ ಸಾಕು. ಪಕ್ಕದಲ್ಲೇ ಕೆರೆಯಿದೆ.