ಪಾಲಾರ್ ಮರಳಿನಲ್ಲಿ ಝಾರ್ ದೊರೆಯ ಹಡಗು

ಪಶ್ಚಿಮ ಘಟ್ಟದ ಹಳ್ಳಗಳ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ನೀರು ಕೋಲಾರಕ್ಕೆ ಬರುವ ದಿನವನ್ನು ಮತ್ತೊಮ್ಮೆ ಮುಂದಕ್ಕೆ ಹಾಕಿದ ಸುದ್ದಿಯನ್ನು ಓದಿದಾಗ ನನಗೆ ನೆನಪಾದದ್ದು ರಷ್ಯಾದ ನೌಕಾಪಡೆ. ಚೀನಾದ ತೀರದಲ್ಲಿ ರಷ್ಯಾದ ವಶದಲ್ಲಿದ್ದು ಜಪಾನೀಯರ ಮುತ್ತಿಗೆಗೆ ಸಿಕ್ಕಿದ್ದ ಪೋರ್ಟ್ ಆರ್ಥರ್ ಬಂದರನ್ನು ಬಿಡಿಸಲು 1904ರ ಅಕ್ಟೋಬರ್‌ನಲ್ಲಿ ಬಾಲ್ಟಿಕ್ ಸಮುದ್ರದಿಂದ ಹೊರಟ ಆ ದಂಡು, ಹೊರಟ ವಾರದೊಳಗೇ ಉತ್ತರ ಸಮುದ್ರದಲ್ಲಿ ಬಲೆ ಬೀಸಿಕೊಂಡಿದ್ದ ಇಂಗ್ಲಿಷ್ ಮೀನುಗಾರರನ್ನು ಜಪಾನೀಯರೆಂದು ಭ್ರಮಿಸಿ ಗುಂಡು ಹಾರಿಸಿತು. ಅದೇ ಗದ್ದಲದಲ್ಲಿ ತನ್ನದೇ ‘ಅವ್ರೋರಾ’ ಹಡಗಿಗೂ ಹೊಡೆಯಿತು. ದಂಡು ಇನ್ನೂ ಮಡಗಾಸ್ಕರ್‌ನಲ್ಲಿದ್ದಾಗಲೇ ಪೋರ್ಟ್ ಆರ್ಥರ್ ಶತ್ರುವಿನ ಕೈ ಸೇರಿತು. ಆದರೂ ಹೊರಟವರು ಹಿಂದಿರುಗಲಿಲ್ಲ. 1905ರ ಮೇ ತಿಂಗಳಲ್ಲಿ ಜಪಾನಿನ ಬಳಿಯ ತ್ಸುಶಿಮಾ ಜಲಸಂಧಿಗೆ ಹೋಗಿ, ಎರಡೇ ದಿನಗಳಲ್ಲಿ ಮುಳುಗಿದರು.

ಚರಿತ್ರೆ ನನ್ನ ಕೈಯಲ್ಲಿದ್ದಿದ್ದರೆ ಇಷ್ಟು ದೂರ ಹೋಗಿ ಸೋಲುವ ಕಷ್ಟವನ್ನು ಅವರಿಗೆ ಕೊಡುತ್ತಿರಲಿಲ್ಲ. ಯುದ್ಧದ ಖರ್ಚಿಗೆ ಚಿನ್ನ ಬೇಕು, ಚಿನ್ನ ನಮ್ಮ ಕೆಜಿಎಫ್‌ನಲ್ಲಿದೆ, ಆದ್ದರಿಂದ ಆ ದಂಡಿನ ನಾಯಕ ಅಡ್ಮಿರಲ್ ರೊಝೆಸ್ಟ್‌ವೆನ್‌ಸ್ಕಿ ಹಿಂದೂ ಮಹಾಸಾಗರದಲ್ಲಿ ಎಡಕ್ಕೆ ತಿರುಗಿ ಕೋಲಾರಕ್ಕೇ ಬರುತ್ತಾನೆ ಎಂದಿಟ್ಟುಕೊಳ್ಳೋಣ. ಕೋಲಾರದಲ್ಲಿ ಸಮುದ್ರವಿದೆಯೇ ಎಂದು ಆತ ಮೊದಲೇ ಪತ್ರ ಬರೆದು ವಿಚಾರಿಸಿದ್ದ. ‘ತಾವು ಹೊರಡಿ ಸ್ವಾಮಿ, ತಲುಪುವಷ್ಟರಲ್ಲಿ ನೀರು ಬಂದಿರುತ್ತದೆ’ ಎಂದು ನಮ್ಮ ಕಚೇರಿಯಿಂದ ಮರುಟಪಾಲಿನಲ್ಲೇ ಉತ್ತರ ಹೋಗಿತ್ತು.

ದಾರಿಯೇನೋ ಇದೆ. ನಮ್ಮ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿ ಆಂಧ್ರವನ್ನು ಹಾದು, ವಾಣಿಯಂಬಾಡಿ, ಆಂಬೂರು, ವೆಲ್ಲೂರುಗಳನ್ನು ದಾಟಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಅಂದರೆ, ಭೂಪಟದಲ್ಲಿ ಸೇರುತ್ತದೆ. ಹತ್ತಾರು ಯುದ್ಧನೌಕೆಗಳು ನದಿಯ ಬಾಯಿಯಿಂದ ಮರಳಿನ ಮೇಲೇರಿ, ನೂರಾರು ಜೋಡಿ ಎತ್ತುಗಳ ಹೆಗಲ ಮೇಲೆ ಬೇತಮಂಗಲದತ್ತ ಹೊರಟ ದೃಶ್ಯವನ್ನು ಸುಮ್ಮನೆ ಕಣ್ಣ ಮುಂದೆ ತಂದುಕೊಳ್ಳಿ. ಮೂರನೆಯ ರಾತ್ರಿ ತನ್ನ ಹಡಗು ಕೆಳಗಿಳಿಯುತ್ತಿರುವುದು ಅಡ್ಮಿರಲ್ ಸಾಹೇಬನ ಗಮನಕ್ಕೆ ಬಂತು. ಲಾಟೀನು ಹಿಡಿದು ಬಗ್ಗಿ ನೋಡಿದರೆ, ಹೊಟ್ಟೆಯಡಿಯ ಮರಳನ್ನು ಯಾರೋ ಬಾಂಡ್ಲಿಯಲ್ಲಿ ತುಂಬಿ ಲಾರಿಗೆ ಸುರಿಯುತ್ತಿದ್ದರು. ಲಾರಿ 1905ರಲ್ಲಿ ಎಲ್ಲಿಂದ ಬಂತು ಎಂದು ಕೇಳಬೇಡಿ. ಮರಳು ಲಾರಿ ಎಲ್ಲಿಂದ ಬಂತೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ನೀರಿಲ್ಲದೆ ಮುಳುಗಿದ ಜಗತ್ತಿನ ಮೊದಲ ಯುದ್ಧನೌಕೆ ಎಂಬ ಕೀರ್ತಿ ನಮ್ಮ ಪಾಲಾರಿಗೆ ದಕ್ಕಿತು.

ಉಳಿದ ಹಡಗುಗಳು ಹೇಗೋ ಒಂದು ಕೆರೆಯಂಗಳವನ್ನು ತಲುಪಿದವು. ಲಂಗರು ಇಳಿಸಿದರೆ ಅದು ಜಾಲಿ ಪೊದೆಯನ್ನು ಸೀಳಿಕೊಂಡು ಹೋಗಿ ನಿವೇಶನದ ಗುರುತಿನ ಕಲ್ಲಿಗೆ ಸಿಕ್ಕಿಕೊಂಡಿತು. ಏರಿಯ ಮೇಲೆ ಕುಕ್ಕುರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ ಮುದಿ ನೀರಗಂಟಿ, ‘ಇದು ತೂಬಿನ ಮಟ್ಟಕ್ಕೆ ಬರಬೇಕಾದರೂ ಎರಡು ಮಳೆಗಾಲ ಬೇಕು ಸ್ವಾಮಿ, ಅಷ್ಟು ದಿನ ಈ ಪಾತ್ರೆಗಳನ್ನು ಬಿಸಿಲಿಗೆ ಬಿಡಬೇಡಿ, ತುಕ್ಕು ಹಿಡಿಯುತ್ತವೆ’ ಎಂದ.

ಎರಡಲ್ಲ, ನೂರಕ್ಕೂ ಹೆಚ್ಚು ಮಳೆಗಾಲ ಕಳೆದವು. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿದ ಕೆ.ಸಿ. ವ್ಯಾಲಿ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು, ಮುಂದಿನ ತಿಂಗಳು ನೊರೆ ಎದ್ದಾಗ ಹಡಗುಗಳಿಗೆ ಜೀವ ಬಂತು. ಬೆಳ್ಳಗಿನ ಆ ನೊರೆಯನ್ನು ಜಪಾನೀ ಹಡಗುಗಳ ಹೊಗೆಯೆಂದು ತಿಳಿದ ಕಾವಲುಗಾರ ಕೂಗಿಕೊಂಡ. ಫಿರಂಗಿಗಳು ಹಾರಿ, ಮಂಡಿಗೆ ಹೊರಟಿದ್ದ ಟೊಮೆಟೊ ಕ್ರೇಟುಗಳು ರಸ್ತೆಯ ತುಂಬ ಚೆಲ್ಲಿದವು. ಉತ್ತರ ಸಮುದ್ರದ ಆ ಮೀನುಗಾರರಿಗೆ ರಷ್ಯಾ 66,000 ಪೌಂಡ್ ಪರಿಹಾರ ಕೊಟ್ಟದ್ದು ನಿಜ. ಟೊಮೆಟೊ ರೈತನನ್ನು ಮಾತ್ರ ಪಹಣಿಯ ಹೆಸರಿಗೂ ಆಧಾರ್‌ನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದೆಯೆಂದು ವಾಪಸು ಕಳುಹಿಸಲಾಯಿತು.

ನಿಜದಲ್ಲಿ ರಷ್ಯಾದ ಆ ದಂಡು ಏಳೂವರೆ ತಿಂಗಳಲ್ಲಿ ಸುಮಾರು 18,000 ನಾಟಿಕಲ್ ಮೈಲಿ ಕ್ರಮಿಸಿತ್ತು. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಕಂಡ ಎತ್ತಿನಹೊಳೆಯ ನೀರು ಸಕಲೇಶಪುರದ ಬೆಟ್ಟದಿಂದ ಮೇಲೆದ್ದದ್ದೇ 2024ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಯಾರೂ ಸುಮ್ಮನೆ ಕೂತಿರಲಿಲ್ಲ ಎಂಬುದನ್ನು ಮೆಚ್ಚಲೇಬೇಕು: 8,323 ಕೋಟಿ ರೂಪಾಯಿಯ ಅಂದಾಜು 12,912 ಕೋಟಿಗೆ ಏರಿ, ಅಲ್ಲಿಂದ 23,251 ಕೋಟಿಗೆ ಹರಿಯಿತು. ನೀರು ಏರದ ಎತ್ತರವನ್ನು ಹಣ ಯಾವ ಪಂಪಿನ ನೆರವೂ ಇಲ್ಲದೆ ಏರಿದೆ.

ಕೆ.ಸಿ. ವ್ಯಾಲಿಯಿಂದ ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡದ್ದು ಸುಳ್ಳಲ್ಲ. ಕಂಡ ರೈತ ಸಂತೋಷಪಟ್ಟದ್ದೂ ಸುಳ್ಳಲ್ಲ. ಆದರೆ ಎರಡು ಹಂತಕ್ಕೆ ಶುದ್ಧೀಕರಣ ನಿಲ್ಲಿಸಿದ್ದೇಕೆ, ಮೂರನೆಯ ಹಂತ ಮಾಡಿ ಕೊಡಿ ಎಂದು ಇಷ್ಟು ವರ್ಷ ಕೇಳಿದವರಿಗೆ ಸಿಕ್ಕ ಉತ್ತರ, ಬಂದಷ್ಟಕ್ಕೆ ಖುಷಿಪಡಿ ಎಂಬ ಧಾಟಿಯದು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ ಮಕ್ಕಳು ಬೆಳೆದು, ಮದುವೆಯಾಗಿ, ತಮ್ಮ ಮಕ್ಕಳ ಕೈ ಹಿಡಿದು ಕ್ಯಾನಿನ ನೀರಿಗೆ ಸಾಲಿನಲ್ಲಿ ನಿಂತಿದ್ದಾರೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ನನಗೆ ಸಾಕಾಗಿದೆ.

ಅಡ್ಮಿರಲ್ ಕಥೆಯನ್ನು ಮುಗಿಸಿಬಿಡುತ್ತೇನೆ. ತ್ಸುಶಿಮಾದಲ್ಲಿ ಗಾಯಗೊಂಡು ಸೆರೆಸಿಕ್ಕ ಆತ ಬಿಡುಗಡೆಯಾಗಿ ಊರಿಗೆ ಹೋದ ಮೇಲೆ, 1906ರಲ್ಲಿ ನಡೆದ ವಿಚಾರಣೆಯಲ್ಲಿ ಸೋಲಿನ ಹೊಣೆ ತನ್ನದೇ ಎಂದು ಒಪ್ಪಿಕೊಂಡ. ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ಇದನ್ನು ನೀರಾವರಿಯ ಕಡತಗಳಲ್ಲೇ ತಲೆ ನೆರೆದ ನಿವೃತ್ತ ಗುಮಾಸ್ತರೊಬ್ಬರಿಗೆ ಹೇಳಿದೆ. ಅವರು ಕಾಫಿ ಲೋಟವನ್ನು ಕೆಳಗಿಟ್ಟು, ಬಹಳ ಹೊತ್ತು ಯೋಚಿಸಿ, ‘ಎಂಥ ಹುಚ್ಚನಪ್ಪ, ಕನ್ಸಲ್ಟೆಂಟ್ ಯಾರೂ ಇರಲಿಲ್ಲವೇ?’ ಎಂದು ಕೇಳಿದರು.