ಸತ್ಯಾಂಶ: ಅಮೆರಿಕದಲ್ಲಿ ಮನೆಯಲ್ಲೇ ಕಾರಿಗೆ ಪೇಂಟ್ ಹೊಡೆಯುವುದು ನಿಷಿದ್ಧವಾ?

‘ಅಮೆರಿಕದಲ್ಲಿ ಸ್ವಂತ ಕಾರಿಗೆ ಮನೆಯಲ್ಲಿ ಪೇಂಟ್ ಹೊಡೆದರೆ ಭಾರಿ ದಂಡ, ಪರಿಸರ ಕಾನೂನು ಬಂದಿದೆ’ ಅನ್ನೋ ಫಾರ್ವರ್ಡ್ ಓಡಾಡುತ್ತಿದೆ. ಹಾಗೇನೂ ಇಲ್ಲ. ಅಲ್ಲಿನ ಪರಿಸರ ಸಂಸ್ಥೆ ಇಪಿಎ 2008ರಲ್ಲಿ ತಂದ ನಿಯಮ ಇರುವುದು ಮುಖ್ಯವಾಗಿ ಪೇಂಟಿಂಗ್ ಶಾಪ್‌ಗಳಿಗೆ. ಸೀಸ, ಕ್ರೋಮಿಯಂ, ಕ್ಯಾಡ್ಮಿಯಂನಂಥವು ಇರುವ ಬಣ್ಣ ಸ್ಪ್ರೇ ಮಾಡುವಾಗ ಅದು ಗಾಳಿ ಸೇರಬಾರದು ಅಂತ ಫಿಲ್ಟರ್ ಇರುವ ಬೂತ್, ತರಬೇತಿ ಪಡೆದ ಪೇಂಟರ್ ಬೇಕು ಅನ್ನುತ್ತದೆ. ಹವ್ಯಾಸಕ್ಕೆ ಸ್ವಂತ ಗಾಡಿಗೆ ಬಣ್ಣ ಹೊಡೆಯುವವರನ್ನು ಅದೇ ನಿಯಮ ಹೊರಗಿಟ್ಟಿದೆ. ದುಡ್ಡು ತೆಗೆದುಕೊಳ್ಳದೆ ಗೆಳೆಯರ ಗಾಡಿಗೆ ಹೊಡೆದುಕೊಟ್ಟರೂ ಸರಿ, ಆದರೆ ವರ್ಷಕ್ಕೆ 2ಕ್ಕಿಂತ ಜಾಸ್ತಿ ವಾಹನಗಳಾದರೆ ದುಡ್ಡು ಪಡೆಯಲಿ ಬಿಡಲಿ, ನಿಯಮ ನಿಮಗೂ ಅನ್ವಯಿಸುತ್ತದೆ.

ಹಾಗಂತ ಎಲ್ಲಾ ಕಡೆ ಸಲೀಸು ಅಂತಲ್ಲ. ರಾಜ್ಯ, ಊರುಗಳ ನಿಯಮ ಬೇರೆ ಇರಬಹುದು, ವಿಚಾರಿಸಿಕೊಳ್ಳಿ. ಹಳೆ ಬಣ್ಣ ಕೀಳುವ ಮಿಥಿಲೀನ್ ಕ್ಲೋರೈಡ್ ರಿಮೂವರ್ ಅನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು 2019ರಲ್ಲಿ ಇಪಿಎ ನಿಷೇಧಿಸಿತು. ಅದರ ಹೊಗೆಗೆ ಜನ ಸತ್ತಿದ್ದಾರೆ.

ನನಗೆ ಕಾನೂನಿಗಿಂತ ಜಾಸ್ತಿ ಚಿಂತೆ ಐಸೊಸಯನೇಟ್ ಅನ್ನೋ ರಾಸಾಯನಿಕದ್ದು. ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಲೇಪ, ಅಂದರೆ ಎರಡು ಭಾಗ ಬೆರೆಸುವ ಯೂರಿಥೇನ್ ಕ್ಲಿಯರ್‌ಕೋಟಿನ ಹಾರ್ಡನರ್‌ನಲ್ಲಿ (ಲೇಪವನ್ನು ಗಟ್ಟಿ ಮಾಡುವ ಭಾಗ) ಅದಿರುತ್ತದೆ. ಒಮ್ಮೆ ಅಲರ್ಜಿ ಹತ್ತಿತೆಂದರೆ ಆಮೇಲೆ ಚೂರು ಉಸಿರಿಗೆ ಸೇರಿದರೂ ಉಬ್ಬಸ ಬರಬಹುದು. ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ.